ಕಾಳಪ್ಪಾಚಾರ್ರ ಸ್ಕೇಲು

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಸುಳ್ಳುಗಾರ ಸ್ಕೇಲು ಇದೆ. ಉಕ್ಕಿನದು, ಎರಡಡಿ ಉದ್ದ. ಅಂದರೆ, ಎರಡಡಿ ಎಂದು ಅದು ಹೇಳಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಯಾವುದೇ ಎರಡಡಿಯ ಪಕ್ಕದಲ್ಲಿ ಮಲಗಿಸಿ ನೋಡಿ, ಗಿಡ್ಡ ಮಂಚದಲ್ಲಿ ಮಲಗಿದ ಉದ್ದ ನೆಂಟನ ಕಾಲಿನ ಹಾಗೆ ಕಾಲು ಇಂಚು ಹೊರಗೆ ಚಾಚಿಕೊಂಡಿರುತ್ತದೆ. ಮೊನ್ನೆ ರಬ್ಬರ್ ಹುಡುಕಲು ಡ್ರಾಯರ್ ಎಳೆದಾಗ ಕೈಗೆ ಸಿಕ್ಕಿತು. ನಾನು ಬರೆಯಲು ಕೂತಿದ್ದು ಬೇರೆ ಏನನ್ನೋ. ಅದೇನೆಂದು ಈಗ ಮರೆತುಹೋಗಿದೆ, ಓದುಗರಿಗೆ ನಷ್ಟವೇನೂ ಆಗಿರಲಾರದು.

ಸುಳ್ಳುಗಾರ ಎಂದೆ. ಆದರೆ ಈ ಸುಳ್ಳಿಗೊಂದು ಕಾರಣವಿದೆ. ಇದು ಭದ್ರಾವತಿಯ ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿ ದುಡಿದ ಸ್ಕೇಲು. ಕಬ್ಬಿಣದಲ್ಲಿ ಒಂದು ಚಕ್ರ ಎರೆಯಬೇಕಾದರೆ ಮೊದಲು ಅದೇ ಚಕ್ರವನ್ನು ಮರದಲ್ಲಿ ಮಾಡಬೇಕು. ಆ ಮರದ ಚಕ್ರವನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ತಣಿಯುತ್ತ ಕುಗ್ಗುತ್ತದೆ. ಹಾಗಾಗಿ ಮರದ್ದು ಬೇಕಾದ್ದಕ್ಕಿಂತ ಚೂರು ದೊಡ್ಡದಿರಬೇಕು, ಅಡಿಗೆ ಒಂದು ನೂಲಿನಷ್ಟು. ಬಡಗಿಗಳ ಲೆಕ್ಕದಲ್ಲಿ ನೂಲು ಎಂದರೆ ಇಂಚಿನ ಎಂಟನೇ ಒಂದು ಪಾಲು. ಪ್ರತಿ ಸಲವೂ ಕೂಡಿಸುತ್ತ ಕೂರುವ ಬದಲು ಯಾರೋ ಜಾಣರು ಸ್ಕೇಲನ್ನೇ ಹಿಗ್ಗಿಸಿ ಮಾಡಿಬಿಟ್ಟರು. ಅದರಲ್ಲಿ ಅಳೆದರೆ ಎಲ್ಲವೂ ತಾನಾಗಿಯೇ ಚೂರು ದೊಡ್ಡದಾಗುತ್ತದೆ.

ಅಳತೆಯ ವಿಷಯದಲ್ಲಿ ನಮ್ಮ ಮನೆತನವೇನೂ ಹರಿಶ್ಚಂದ್ರನ ಮನೆತನವಲ್ಲ. ಚಿಕ್ಕಂದಿನಲ್ಲಿ ನಾವು ಶಿವಮೊಗ್ಗದ ಕೋಟೆಯ ಹತ್ತಿರ ಬಾಡಿಗೆಗೆ ಇದ್ದೆವು. ದೇವಸ್ಥಾನದ ಎದುರು ಸಾಲಾಗಿ ಹೂವಿನವರು. ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ, ಮೊಳವೆಂದರೆ ಮಾರುವವಳ ಮೊಣಕೈಯಿಂದ ಬೆರಳ ತುದಿಯವರೆಗೆ. ಅಮ್ಮ ಹೂವನ್ನು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಗೌರಕ್ಕ ಎನ್ನುವ ಒಬ್ಬಳ ಕೈ ಮಲ್ಲಿಗೆ ಬಳ್ಳಿಗಿಂತ ಉದ್ದ. ಬಾಡಿದ ಸೇವಂತಿಗೆ ಇದ್ದರೂ ಅಮ್ಮ ಅವಳ ಹತ್ತಿರವೇ ಕೊಳ್ಳುತ್ತಿದ್ದಳು. ಒಂದು ದಿನ ಗೌರಕ್ಕನ ಜಾಗದಲ್ಲಿ ಅವಳ ತಂಗಿ ಕೂತಿದ್ದಳು, ಗಿಡ್ಡ ಕೈಯವಳು. ಅಮ್ಮ ಬಹಳ ಕಾಳಜಿಯಿಂದ, "ಅಕ್ಕಂಗೆ ಹುಷಾರಿಲ್ವೇನೇ? ಯಾವಾಗ ಬರ್ತಾಳೆ?" ಎಂದು ವಿಚಾರಿಸಿ, ಹೂ ಕೊಳ್ಳದೆ ದೇವರಿಗೆ ಬರೀ ಕೈ ಮುಗಿದು ಬಂದಳು. ದೇವರು ಏನೆಂದುಕೊಂಡನೋ. ಈ ಕತೆಯಲ್ಲಿ ಗೌರಕ್ಕನ ಕೈ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ ಎಂದು ನನ್ನ ಹೆಂಡತಿ ಸುಮ ಹೇಳುತ್ತಾಳೆ. ಇರಬಹುದು. ಸುಮ ಆ ಕೈಯನ್ನು ನೋಡಿಯೇ ಇಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಹೊಸಮನೆಯಲ್ಲಿ ಒಂದು ಹೊಸ ಮನೆ ಕಟ್ಟಲು ಹೊರಟೆವು. ಬಡಾವಣೆಯ ಹೆಸರೇ ಹೊಸಮನೆ. ಅಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇವೆ ಎಂದರೆ ನೆಂಟರು, "ಗೊತ್ತಾಯ್ತು, ಆದ್ರೆ ಎಲ್ಲಿ?" ಎಂದು ಮತ್ತೆ ಕೇಳುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ಮೇಷ್ಟ್ರು. ಮರಗೆಲಸಕ್ಕೆ ಯಾರನ್ನು ಹಿಡಿಯುವುದು ಎಂದು ಕೇಳಿದಾಗ ಎಲ್ಲರೂ ಹೇಳಿದ್ದು ಒಂದೇ ಹೆಸರು, ಭದ್ರಾವತಿಯ ಕಾಳಪ್ಪಾಚಾರ್ರು. ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ಬಡಗಿಗಳಿಗೆಲ್ಲ ಹೆಡ್ಡು, ಅಂದರೆ ಮುಖ್ಯಸ್ಥರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮನೆ ಕೆಲಸ ಹಿಡಿದದ್ದು ನಮ್ಮದೇ ಮೊದಲು.

ಹಿರಿಯ ಬಡಗಿ ಎಂದರೆ ದಿನವಿಡೀ ಉಳಿ ಹಿಡಿದು ಕೂರುವವರು ಎಂದು ನಾನು ತಿಳಿದಿದ್ದೆ. ಕಾಳಪ್ಪಾಚಾರ್ರು ಕುರ್ಚಿ ಹಿಡಿದು ಕೂತರು. ಅದೂ ನಾನೇ ತರಿಸಿಕೊಟ್ಟ ಕುರ್ಚಿ. ಮರದ ದಿಮ್ಮಿಗೆ ಬೆರಳ ಗಂಟಿನಿಂದ ಬಡಿದು, ಕಿವಿಯಿಟ್ಟು ಕೇಳಿ, "ಇದು ಆಗಲ್ಲ, ಒಳಗೆ ಕೆಮ್ತಾ ಇದೆ" ಎನ್ನುವುದು ಅವರ ಕೆಲಸ. ಮರದ ಮೇಲೆ ಪೆನ್ಸಿಲ್ ಗುರುತು ಹಾಕುವುದು ಅವರ ಕೆಲಸ. ಕೊಯ್ಯುವುದು, ಹೊಡೆಯುವುದು, ಬೈಸಿಕೊಳ್ಳುವುದು ಮಿಕ್ಕವರದು. ಚೌಕಟ್ಟುಗಳನ್ನೂ ಮುಂಬಾಗಿಲನ್ನೂ ಮಾತ್ರ ತಾವೇ ಕೈಯಾರೆ ಮಾಡಿದರು, ಮನೆಯ ಮುಖ ತಮ್ಮದೇ ಆಗಿರಬೇಕಂತೆ.

"ಹಂಗಾದ್ರೆ ಹೆಡ್ಡು ಅಂದ್ರೆ ಏನು ಕೆಲಸ ಆಚಾರ್ರೇ?" ಎಂದು ಒಮ್ಮೆ ಕಿಚಾಯಿಸಿದೆ.

"ನಿಲ್ಲೋ ಕೆಲಸ ಮೇಷ್ಟ್ರೇ."

"ನೀವು ಕೂತೇ ಇದೀರಲ್ಲ?"

"ಕೇಳಿ ಇಲ್ಲಿ. ಎರಕ ಕೆಟ್ಟುಹೋಯ್ತು ಅನ್ನಿ. ಇಂಜಿನಿಯರು ಕೂಗ್ತಾನೆ, ಯಾರ್ರೀ ಮಾಡಿದ್ದು ಅಂತ. ಆಗ ಹೆಡ್ಡು ಹೋಗಿ ಮುಂದೆ ನಿಂತ್ಕೋಬೇಕು. ನಮ್ ಹುಡುಗ ಮಾಡಿದ್ದು ಅನ್ನಂಗಿಲ್ಲ. ನಾನು ಸಾರ್, ಅನ್ಬೇಕು. ಅದೇ ಹೆಡ್ಡು."

"ಎಷ್ಟು ಸಲ ನಿಂತಿದೀರಿ?"

"ಒಂದ್ಸಲಾನೂ ಇಲ್ಲ!" ಎಂದರು, ಮೀಸೆಯ ಎರಡೂ ತುದಿ ಮುಟ್ಟಿ ನೋಡಿಕೊಂಡು. "ತಪ್ಪೇ ಆಗಿಲ್ಲ ಅಂದ್ಮೇಲೆ ನಿಲ್ಲೋದೆಲ್ಲಿ ಬಂತು?"

ಈ ಮಾತನ್ನು ಅವರು ಹೀಗೇ ಹೇಳಿದರೋ, ಮುಂದೆ ಆದದ್ದು ಗೊತ್ತಿರುವುದರಿಂದ ನಾನು ಹೀಗೆ ಕೆತ್ತಿ ಕೂರಿಸಿದ್ದೇನೋ, ಖಾತ್ರಿಯಿಲ್ಲ. ಮೀಸೆ ಮಾತ್ರ ಖಂಡಿತ ಇತ್ತು.

ಅವರ ಕೈಕೆಳಗೆ ಸೆಲ್ವರಾಜ ಇದ್ದ. ಭದ್ರಾವತಿಯವನೇ, ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ ಕಪಾಟು, ಸ್ಟೂಲು, ನಾಯಿಗೂಡು ಮಾಡುತ್ತ ನಲವತ್ತಕ್ಕೆ ಬಂದವನು. ಮನೆಯಲ್ಲಿ ತಮಿಳು, ಕೆಲಸದಲ್ಲಿ ಕನ್ನಡ, ಬೆರಳಿಗೆ ಸುತ್ತಿಗೆ ಬಿದ್ದಾಗ ತೆಲುಗು. ಅವನಿಗೆ ಒಂದೇ ಆಸೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬಾಗಿಲು, ಕಿಟಕಿ, ಮಂಚಗಳ ದೊಡ್ಡ ಅಂಗಡಿಯಿಟ್ಟಿದ್ದ ರುದ್ರಪ್ಪನವರು ಒಬ್ಬ ಮೇಸ್ತ್ರಿಯನ್ನು ಹುಡುಕುತ್ತಿದ್ದರು. ಅವರು, "ನಿನ್ ಕೆಲಸ ಕಣ್ಣಲ್ಲಿ ನೋಡ್ತೀನಿ. ಗೃಹಪ್ರವೇಶದ ದಿನ ಮೇಷ್ಟ್ರ ಮನೆಗೆ ಬರ್ತೀನಿ. ಕಾಳಪ್ಪಾಚಾರ್ರು ಹೂಂ ಅಂದ್ರೆ ಮಾರನೇ ದಿನದಿಂದ ಬಾ" ಎಂದಿದ್ದರು. ಸೆಲ್ವರಾಜ ಅಷ್ಟೂ ಕಾಲ ಊರವರ ಬಾಯಲ್ಲಿ "ಏ ಕಾರ್ಪೆಂಟ್ರು" ಆಗಿದ್ದವನು. ಮೇಸ್ತ್ರಿ ಎನ್ನಿಸಿಕೊಳ್ಳಲು ಇನ್ನು ಒಂದು ಗೃಹಪ್ರವೇಶ ಬಾಕಿಯಿತ್ತು.

ಕೆಲಸ ಎರಡು ಊರುಗಳಲ್ಲಿ ನಡೆಯುತ್ತಿತ್ತು. ಚೌಕಟ್ಟುಗಳು ಮೊದಲೇ ಶಿವಮೊಗ್ಗಕ್ಕೆ ಬಂದು ಗೋಡೆಯಲ್ಲಿ ಕೂತವು. ಕಿಟಕಿಯ ಬಾಗಿಲುಗಳನ್ನು ಸೆಲ್ವರಾಜ ಭದ್ರಾವತಿಯಲ್ಲಿ, ಆಚಾರ್ರ ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಡುತ್ತಿದ್ದ. "ಒಂದ್ಸಲ ಹೋಗಿ ಚೌಕಟ್ಟು ಅಳ್ಕೊಂಡು ಬರ್ತೀನಿ" ಎಂದು ಅವನು ಕೇಳಿದನಂತೆ. ಆಚಾರ್ರಿಗೆ ಅವಮಾನವಾಯಿತು. "ನಾಲ್ಕಡಿ ಅಂದ್ರೆ ನಾಲ್ಕಡಿ. ನಮ್ ಕಾರ್ಖಾನೇಲಿ ಒಬ್ಬ ಇಲ್ಲಿ ಮಾಡ್ತಿದ್ದ, ಇನ್ನೊಬ್ಬ ಅಲ್ಲಿ ಮಾಡ್ತಿದ್ದ, ಎರಡೂ ತಂದು ಸೇರಿಸಿದ್ರೆ ಗಂಡ ಹೆಂಡ್ತಿ ಹಂಗೆ ಕೂಡ್ತಿದ್ವು. ಹೋಗಿ ಅಳ್ಕೊಂಡು ಬರೋದು ಕಲಿಯೋರ ಕೆಲಸ."

ಕಾರ್ಖಾನೆಯಲ್ಲಿ ಎಲ್ಲರ ಕೈಯಲ್ಲೂ ಒಂದೇ ಬಗೆಯ ಸ್ಕೇಲು ಇರುತ್ತಿತ್ತು. ಸೆಲ್ವರಾಜನ ಕೈಯಲ್ಲಿ ಇದ್ದದ್ದು ಗಾಂಧಿ ಬಜಾರಿನಲ್ಲಿ ಕೊಂಡ ಸುರುಳಿ ಟೇಪು. ಆಚಾರ್ರ ಚೀಲದಲ್ಲಿ ಎರಡು ಸ್ಕೇಲುಗಳಿದ್ದವು, ನೋಡಲು ಅವಳಿಜವಳಿ. ಒಂದು ಮನೆಯದು, ಸರಿ ಅಳತೆಯದು. ಇನ್ನೊಂದನ್ನು ನಿವೃತ್ತಿಯ ದಿನ ಹಾರ, ಶಾಲು, ಗೋಡೆ ಗಡಿಯಾರದ ಜೊತೆ, "ನಿಮ್ಮ ಕೈಯಲ್ಲಿ ಇದ್ದದ್ದು ನಿಮ್ಮ ಹತ್ರಾನೇ ಇರ್ಲಿ" ಎಂದು ಜೊತೆಗಾರರು ಕೊಟ್ಟು ಕಳಿಸಿದ್ದರು. ನಮ್ಮ ಮನೆಯ ಮೊದಲ ಚೌಕಟ್ಟಿಗೆ ಗುರುತು ಹಾಕುವಾಗ ಆಚಾರ್ರ ಕೈ ಯಾವುದನ್ನು ಎತ್ತಿಕೊಂಡಿತು ಎಂದು ನಿಮಗೆ ಈಗಾಗಲೇ ಗೊತ್ತಾಗಿದೆ. ನಮಗೆ ಗೊತ್ತಿರಲಿಲ್ಲ.

ಗೃಹಪ್ರವೇಶದ ಹಿಂದಿನ ದಿನ ಟೆಂಪೋದಲ್ಲಿ ಕಿಟಕಿ ಬಾಗಿಲುಗಳು ಬಂದವು. ಸೆಲ್ವರಾಜ ಮೊದಲನೆಯ ಜೋಡಿಯನ್ನು ಕೀಲಿಗೆ ಸಿಕ್ಕಿಸಿ ಮುಚ್ಚಿದ. ನಡುವೆ ಸಂದು. ಅದರಲ್ಲಿ ಎದುರುಮನೆಯ ಪಾರಿಜಾತದ ಗಿಡ ಕಾಣುತ್ತಿತ್ತು. ಮೇಲೆಯೂ ಸಂದು. ಎರಡನೆಯ ಕಿಟಕಿಯಲ್ಲೂ ಅಷ್ಟೇ, ಮೂರನೆಯದರಲ್ಲೂ ಅಷ್ಟೇ.

"ಏನಯ್ಯಾ ಇದು?" ಆಚಾರ್ರು ಕುರ್ಚಿಯಿಂದಲೇ ಗುಡುಗಿದರು. "ಬಾಗಿಲು ಮಾಡು ಅಂದ್ರೆ ಬಾಗಿಲಿನ ಮಗು ಮಾಡ್ಕೊಂಡು ಬಂದಿದೀಯಲ್ಲ?"

"ಅಳತೆ ಸರಿ ಇದೆ ಸಾಮಿ. ನೋಡಿ." ಸೆಲ್ವರಾಜ ಟೇಪು ಎಳೆದ. ಬಾಗಿಲು ಸರಿಯಾಗಿ ನಾಲ್ಕಡಿ. ಚೌಕಟ್ಟಿಗೆ ಹಿಡಿದ. "ಚೌಕಟ್ಟೇ ನಾಲ್ಕು ನೂಲು ಜಾಸ್ತಿ ಐತಲ್ಲ!"

"ನನ್ ಚೌಕಟ್ಟಾ? ಜಾಸ್ತಿನಾ?" ಆಚಾರ್ರು ತಮ್ಮ ಸ್ಕೇಲಿನಿಂದ ಅಳೆದರು. ಚೌಕಟ್ಟು ನಾಲ್ಕೇ ಅಡಿ. ಬಾಗಿಲು ನಾಲ್ಕು ನೂಲು ಕಡಿಮೆ. "ಎಸಿ ಆಚೆ ಆ ಟೇಪು. ಸಂತೇಲಿ ತಗೊಂಡಿದ್ದು ಅಂತ ಕಾಣುತ್ತೆ."

ಆಗ ಸುಮ ಮಧ್ಯಸ್ಥಿಕೆಗೆ ಬಂದಳು. ಅವಳ ಹತ್ತಿರ ಹೊಲಿಗೆಯ ಬಟ್ಟೆಯ ಟೇಪು ಇತ್ತು. ತವರಿನಿಂದ ಹೊಲಿಗೆ ಯಂತ್ರದ ಜೊತೆ ಬಂದದ್ದು. "ಇದ್ರಲ್ಲಿ ನೋಡಿ, ನಮ್ದು ಯಾರ ಕಡೇದೂ ಅಲ್ಲ" ಎಂದಳು. ನೋಡಿದೆವು. ಬಟ್ಟೆಯ ಟೇಪು ಆಚಾರ್ರ ಪರವಾಗಿ ಸಾಕ್ಷಿ ಹೇಳಿತು. ಚೌಕಟ್ಟು ನಾಲ್ಕಡಿ, ಬಾಗಿಲು ಕಡಿಮೆ.

ಎಳೆದು ಎಳೆದು ಆ ಟೇಪು ಜೋತುಬಿದ್ದಿದೆ, ಅದರ ಇಂಚುಗಳಿಗೂ ವಯಸ್ಸಾಗಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಅವಳು ಹೊಲಿದ ನನ್ನ ಅಂಗಿಗಳು ಏಕೆ ಅಣ್ಣನಿಂದ ಬಳುವಳಿಯಾಗಿ ಬಂದವುಗಳಂತೆ ದೊಗಳೆಯಾಗಿರುತ್ತವೆ ಎಂದು ನಾನಾದರೂ ಯೋಚಿಸಬೇಕಿತ್ತು. ಒಟ್ಟಿನಲ್ಲಿ ಎರಡು ಮತ ಆಚಾರ್ರಿಗೆ, ಒಂದು ಸೆಲ್ವರಾಜನಿಗೆ. ನಾನೂ ಬಹುಮತದ ಕಡೆಗೆ ಜರುಗಿ ನಿಂತೆ. ಸೆಲ್ವರಾಜ ಟೇಪನ್ನು ಸುತ್ತಿ ಜೇಬಿಗೆ ಹಾಕಿದ.

"ನಾಳೆ ರುದ್ರಪ್ಪನೋರು ಬರ್ತಾರೆ" ಎಂದ, ಯಾರಿಗೂ ಅಲ್ಲದ ಹಾಗೆ.

"ಬರ್ಲಿ. ಕೇಳಿದ್ರೆ ನಾನೇನ್ ಹೇಳ್ಲಿ? ಇವನಿಗೆ ನಾಲ್ಕರ ಮಗ್ಗಿ ಬರುತ್ತೆ, ನಾಲ್ಕಡಿ ಬರಲ್ಲ ಅನ್ಲಾ?" ಎಂದರು ಆಚಾರ್ರು.

ಸೆಲ್ವರಾಜನ ಕಿವಿ ಕೆಂಪಾಯಿತು. ವಾತಾವರಣ ಹಗುರ ಮಾಡೋಣವೆಂದು ನಾನು ಮುಂಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತೆ. "ಆಚಾರ್ರೇ, ಹಂಗೇ ನನ್ನ ಎತ್ತರಾನೂ ಒಂದು ಗುರುತು ಹಾಕಿ. ಐದೂವರೆ ಅಡಿ. ಮನೆ ಯಜಮಾನ ಅಂತ ನೆನಪಿಗೆ ಇರ್ಲಿ."

ಆಚಾರ್ರು ತಲೆಯ ಮೇಲೆ ಪೆನ್ಸಿಲ್ ಗೀಟು ಹಾಕಿ, ಕೆಳಗಿನಿಂದ ಅಳೆದು, "ಐದೂವರೆ ಇಲ್ಲ ಮೇಷ್ಟ್ರೇ. ಮುಕ್ಕಾಲು ಇಂಚು ಕಡಿಮೆ" ಎಂದರು.

ಸುಮ ನಕ್ಕಳು. ಅವಳು ನಗುವುದಕ್ಕೆ ಕಾರಣವಿತ್ತು. ಹೆಣ್ಣು ನೋಡಲು ಹೋದಾಗ ನಮ್ಮಿಬ್ಬರ ಎತ್ತರದ ಬಗ್ಗೆ ಎರಡೂ ಕಡೆಯವರಲ್ಲಿ ಪಿಸುಪಿಸು ನಡೆದು, ಐದೂವರೆ ಎಂಬ ಒಂದೇ ಆಧಾರದ ಮೇಲೆ ನಾನು ಅವಳಿಗಿಂತ ಕೂದಲೆಳೆಯಷ್ಟು ಎತ್ತರವೆಂದು ತೀರ್ಮಾನವಾಗಿ ಮದುವೆ ನಡೆದಿತ್ತು. ಆ ಮುಕ್ಕಾಲು ಇಂಚು ಹೋದರೆ ನನ್ನ ಸಂಸಾರದ ಅಡಿಪಾಯವೇ ಹೋಗುತ್ತದೆ.

"ಸಾಧ್ಯವೇ ಇಲ್ಲ!" ಎಂದೆ. "ಕೆಲಸಕ್ಕೆ ಸೇರುವಾಗ ಡಾಕ್ಟ್ರು ಅಳೆದಿದಾರೆ. ಐದೂವರೆ. ನಿಮ್ ಸ್ಕೇಲೇ ತಪ್ಪು."

ಸೆಲ್ವರಾಜನ ಹೊಟ್ಟೆಪಾಡಿನ ಮಾತು ಬಂದಾಗ ಬಹುಮತದ ಜೊತೆ ನಿಂತಿದ್ದವನು, ನನ್ನ ಮುಕ್ಕಾಲು ಇಂಚಿಗೆ ಕುತ್ತು ಬಂದಾಗ ಸತ್ಯಾಗ್ರಹಿಯಾದೆ. ಸೆಲ್ವರಾಜ ಮೆಲ್ಲನೆ ಜೇಬಿನಿಂದ ಟೇಪು ತೆಗೆದು ನನ್ನನ್ನು ಅಳೆದ. "ಐದೂವರೆ ಸಾರ್. ಸರಿಯಾಗಿ."

"ನೋಡಿದ್ರಾ! ಎಂಥಾ ಒಳ್ಳೇ ಟೇಪು!" ಎಂದೆ.

ಆಚಾರ್ರು ಸ್ಕೇಲನ್ನು ಬಿಸಿಲಿಗೆ ಹಿಡಿದರು. ಅಂಚಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಅಲ್ಲಿ ಕೊರೆದಿದ್ದ ಕಾರ್ಖಾನೆಯ ಗುರುತನ್ನು ನೋಡಿದರು. ಅವರ ಮುಖ ಹೇಗಾಯಿತು ಎಂದು ಬರೆಯಬೇಕು, ಆದರೆ ನಾನಾಗ ಸುಮಳ ಕಡೆ ತಿರುಗಿ ಗೆಲುವಿನ ನಗೆ ನಗುತ್ತಿದ್ದೆ. ಅವರು ಸ್ಕೇಲನ್ನು ಚೀಲಕ್ಕೆ ಹಾಕಿ, "ಐದು ಗಂಟೆ ಬಸ್ಸಿಗೆ ಹೋಗ್ತೀನಿ" ಎಂದಷ್ಟೇ ಹೇಳಿ ಹೊರಟುಬಿಟ್ಟರು.

ಮಾರನೇ ದಿನ ಬೆಳಿಗ್ಗೆ, ಪುರೋಹಿತರು ಇನ್ನೂ ಹೋಮಕ್ಕೆ ಇಟ್ಟಿಗೆ ಜೋಡಿಸುತ್ತಿದ್ದಾಗ, ಆಚಾರ್ರು ಕಂಕುಳಲ್ಲಿ ಒಂದು ಕಟ್ಟು ಹಿಡಿದು ಬಂದರು. ಬೀಟೆ ಮರದ ಪಟ್ಟಿಗಳು. ಕಪ್ಪಗೆ, ನುಣ್ಣಗೆ, ಅಂಚಿಗೆ ದಾರದಷ್ಟು ಸಣ್ಣ ಕೆತ್ತನೆ. ತಮ್ಮ ಸ್ವಂತ ಮಂಚಕ್ಕೆಂದು ಎತ್ತಿಟ್ಟಿದ್ದ ಮರವಂತೆ. ಯಾರನ್ನೂ ಕರೆಯದೆ ತಾವೇ ಪ್ರತಿ ಕಿಟಕಿಗೂ ನಡುವೆ ಒಂದು, ಮೇಲೆ ಒಂದು ಪಟ್ಟಿ ಹೊಡೆದರು. ಸಂದುಗಳೆಲ್ಲ ಮುಚ್ಚಿಹೋದವು. ಸೆಲ್ವರಾಜ ದೂರ ನಿಂತು ನೋಡುತ್ತಿದ್ದ. ತಪ್ಪನ್ನು ಮುಚ್ಚಿಹಾಕುತ್ತಿದ್ದಾರೆ ಎಂದು ನನಗೂ ಅನ್ನಿಸಿತು. ಯಾರ ತಪ್ಪು ಎಂದು ಇನ್ನೂ ಯಾರೂ ಹೇಳಿರಲಿಲ್ಲ.

ಊಟದ ಹೊತ್ತಿಗೆ ರುದ್ರಪ್ಪನವರು ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಸ್ಕೂಟರಿನ ಕೀಲಿ. ಹೋಳಿಗೆಗೆ ಕೂರುವ ಮೊದಲೇ ಕಿಟಕಿ ನೋಡಿದರು. ಅವರು ಮರದ ವ್ಯಾಪಾರದಲ್ಲಿ ಕೂದಲು ಉದುರಿಸಿಕೊಂಡವರು, ಪಟ್ಟಿಯ ಚಂದಕ್ಕೆ ಮರುಳಾಗಲಿಲ್ಲ. ಬಾಗಿಲು ತೆರೆದು, ಪಟ್ಟಿಯ ಹಿಂದೆ ಕಿರುಬೆರಳು ಹಾಕಿ, ಮೇಲಿನಿಂದ ಕೆಳಗಿನವರೆಗೂ ಎಳೆದರು.

"ಬಾಗಿಲು ಗಿಡ್ಡ ಆಗಿದೆ, ಅದಕ್ಕೆ ಪಟ್ಟಿ ಬಂದಿದೆ" ಎಂದರು. ಸೆಲ್ವರಾಜನ ಕಡೆ ತಿರುಗಿದರು. "ಇದು ನಿನ್ ಕೆಲಸ ಅಲ್ವೇನಪ್ಪಾ?"

ಬಾಗಿಲು ಮಾಡಿದ್ದು ಅವನೇ. ಹೌದು ಎನ್ನದೆ ವಿಧಿಯಿರಲಿಲ್ಲ. "ಹೌದು ಸಾಮಿ" ಎಂದ.

ಆಚಾರ್ರು ಕುರ್ಚಿಯಲ್ಲಿದ್ದರು. ಅವರು ಎದ್ದು ನಿಂತರು. ಪಂಚೆ ಸರಿಮಾಡಿಕೊಂಡು, ನಡೆದು ಬಂದು, ರುದ್ರಪ್ಪನವರ ಮತ್ತು ಸೆಲ್ವರಾಜನ ನಡುವೆ ನಿಂತರು.

"ರುದ್ರಪ್ಪನೋರೇ, ಈ ಮನೇಲಿ ಸರಿ ಇರೋದು ಈ ಕಿಟಕಿ ಬಾಗಿಲು ಒಂದೇ. ಮಿಕ್ಕಿದ್ದೆಲ್ಲ ತಪ್ಪು. ನಾನು ಮಾಡಿದ್ದು."

ನೆಂಟರೆಲ್ಲ ತಿರುಗಿ ನೋಡಿದರು. ಪುರೋಹಿತರ ಕೈಯಲ್ಲಿದ್ದ ಹೋಳಿಗೆ ಅರ್ಧದಾರಿಯಲ್ಲಿ ನಿಂತಿತು.

"ಎಲ್ಲಾನೂ?" ಎಂದರು ರುದ್ರಪ್ಪನವರು.

"ಎಲ್ಲಾ ಚೌಕಟ್ಟು, ಮುಂಬಾಗಿಲು, ದೇವರ ಮನೆ ಬಾಗಿಲು. ಕಬ್ಬಿಣದ ಅಳತೇಲಿ ಮರದ ಕೆಲಸ ಮಾಡಿಬಿಟ್ಟಿದೀನಿ. ಅಡಿಗೆ ಒಂದು ನೂಲು ಜಾಸ್ತಿ." ಇಲ್ಲಿಗೆ ನಿಲ್ಲಿಸಿದ್ದರೆ ಅದು ತಪ್ಪೊಪ್ಪಿಗೆ. ಆದರೆ ಮೊದಲ ಸಲ ನಿಂತಿದ್ದ ಉತ್ಸಾಹವೋ ಏನೋ, ಅವರ ದನಿ ಏರಿತು. "ಆದ್ರೆ ಹೆಂಗೆ ತಪ್ಪಿದೀನಿ ನೋಡಿ! ಅಡಿಗೆ ಒಂದೇ ನೂಲು. ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆ ಇಲ್ಲ. ಮನೆ ಪೂರ್ತಿ ಒಂದೇ ಸಮ ತಪ್ಪು! ಬನ್ನಿ ಇಲ್ಲಿ." ರುದ್ರಪ್ಪನವರನ್ನು ಕೈ ಹಿಡಿದು ಮುಂಬಾಗಿಲಿಗೆ ಎಳೆದುಕೊಂಡು ಹೋದರು. ಚೌಕಟ್ಟೂ ಬಾಗಿಲೂ ಎರಡೂ ಅವರದೇ, ಎರಡೂ ಆ ಸ್ಕೇಲಿನವೇ. ಬಾಗಿಲು ಮುಚ್ಚಿದರು. ಪುಸ್ತಕ ಮುಚ್ಚಿದಷ್ಟು ಸದ್ದು. "ಹಾಕಿ ನೋಡೋಣ ಬೆರಳು! ಲಗ್ನಪತ್ರಿಕೆ ತೂರಿಸಿ! ಹೋಗುತ್ತಾ? ಇಂಥಾ ತಪ್ಪು ಮಾಡೋಕೆ ನಿಮ್ ಶಿವಮೊಗ್ಗದಲ್ಲಿ ಒಬ್ಬನಿಗಾದ್ರೂ ಬರುತ್ತಾ ಹೇಳಿ."

ರುದ್ರಪ್ಪನವರು ಬಾಗಿಲನ್ನು ತೆರೆದರು, ಮುಚ್ಚಿದರು. ಮತ್ತೆ ತೆರೆದರು, ಮುಚ್ಚಿದರು. ಆಮೇಲೆ ನಗತೊಡಗಿದರು. "ತಪ್ಪು ಮಾಡಿ ಹಿಂಗೆ ಜಂಬ ಹೊಡೆಯೋರನ್ನ ನಾನು ನೋಡೇ ಇಲ್ಲ ಮಾರಾಯ್ರೆ!" ಎಂದರು. ಹಾಗೆಯೇ ಸೆಲ್ವರಾಜನಿಗೆ, "ನಾಳೆ ಎಂಟು ಗಂಟೆಗೆ ಅಂಗಡಿಗೆ ಬಾ ಮೇಸ್ತ್ರಿ" ಎಂದು ಹೇಳಿ ಹೋಳಿಗೆಗೆ ಕೂತರು.

ಸೆಲ್ವರಾಜ ಆಚಾರ್ರ ಕಾಲು ಮುಟ್ಟಲು ಬಗ್ಗಿದ. "ಏಳಯ್ಯ, ಏಳು. ಟೇಪು ಒಂದು ಒಳ್ಳೇದು ತಗೋ" ಎಂದರು ಆಚಾರ್ರು. ಆ ಗಳಿಗೆಯಲ್ಲೂ ಪೂರ್ತಿ ಸೋಲಲು ಅವರಿಗೆ ಮನಸ್ಸಿರಲಿಲ್ಲ.

ಹೊರಡುವಾಗ ಚೀಲದಿಂದ ಆ ಸ್ಕೇಲನ್ನು ತೆಗೆದು ನನಗೆ ಕೊಟ್ಟರು. "ಇದು ಇಲ್ಲೇ ಇರ್ಲಿ ಮೇಷ್ಟ್ರೇ. ಈ ಮನೆಗೆ ಯಾವಾಗ ಏನು ರಿಪೇರಿ ಬಂದ್ರೂ ಇದ್ರಲ್ಲೇ ಅಳೀಬೇಕು. ಇಲ್ದಿದ್ರೆ ಕೂಡಲ್ಲ." ಬಾಗಿಲ ತನಕ ಹೋಗಿ ತಿರುಗಿ, "ನಿಮ್ಮನ್ನ ಮಾತ್ರ ಇದ್ರಲ್ಲಿ ಅಳೆಯೋದು ಬೇಡ" ಎಂದರು.

ಸುಮ ಆ ಕೊನೆಯ ಮಾತನ್ನು ಪಾಲಿಸಿಲ್ಲ. ಜಗಳವಾದಾಗಲೆಲ್ಲ ಡ್ರಾಯರ್ ಎಳೆದು ಸ್ಕೇಲು ತೆಗೆಯುತ್ತಾಳೆ. ಈ ಬರಹವನ್ನು ಓದಿದ ಅವಳದು ಇನ್ನೂ ಎರಡು ತಕರಾರುಗಳಿವೆ. ಆ ದಿನ ಮಾಡಿದ್ದು ಹೋಳಿಗೆಯಲ್ಲ, ಚಿರೋಟಿ. ಕಿಟಕಿಯ ಸಂದಿಗೆ ಬೆರಳು ಹಾಕಿದ್ದು ರುದ್ರಪ್ಪನವರಲ್ಲ, ಅವಳ ಸೋದರಮಾವ. ಬಿಸಿಯಾಗಿದ್ದಾಗ ಹೊಯ್ದ ನೆನಪು ತಣಿದ ಮೇಲೆ ಕುಗ್ಗಬೇಕು ತಾನೆ? ನನ್ನದು ಹಿಗ್ಗುತ್ತಿದೆ. ಓದುಗರು ಅಡಿಗೆ ಒಂದು ನೂಲು ಕಳೆದುಕೊಂಡು ಓದಿಕೊಳ್ಳಬಹುದು.

ಆದರೆ ಮುಂದಿನದಕ್ಕೆ ಕಳೆಯುವ ಅಗತ್ಯವಿಲ್ಲ, ಸಾಕ್ಷಿಯಿದೆ. ಕೆಲವು ವರ್ಷಗಳ ನಂತರ ಹೊಸಮನೆಯಲ್ಲಿ ಸೊಳ್ಳೆ ಹೆಚ್ಚಾಗಿ, ಕಿಟಕಿಗಳಿಗೆ ಬಲೆ ಹಾಕಿಸಲು ರುದ್ರಪ್ಪನವರ ಅಂಗಡಿಗೆ ಹೇಳಿದೆ. ಅಷ್ಟು ಹೊತ್ತಿಗೆ ಸೆಲ್ವರಾಜ ದುರ್ಗಿಗುಡಿಯ ದೊಡ್ಡ ಮೇಸ್ತ್ರಿ. ಹೊಟ್ಟೆ ಬಂದಿತ್ತು, ಮೀಸೆಯೂ ಬಂದಿತ್ತು. ನಮ್ಮ ಕಿಟಕಿಯ ಅಳತೆ ತನಗೆ ಗೊತ್ತಿಲ್ಲವೇ ಎಂದುಕೊಂಡು, ನಾಲ್ಕಡಿ ಎಂದು ಅಂಗಡಿಯಲ್ಲೇ ಹೇಳಿ ಮಾಡಿಸಿ, ಕೈಕೆಳಗಿನ ಬಡಗಿಯೊಬ್ಬನನ್ನು ಕರೆದುಕೊಂಡು ಬಂದ. ಬಂದವನೇ ಕುರ್ಚಿ ಕೇಳಿದ. ಕೊಟ್ಟೆ.

ಬಡಗಿ ಬಲೆಯ ಚೌಕಟ್ಟನ್ನು ಕಿಟಕಿಗೆ ಹಿಡಿದ. ಮೇಲೆ ಸಂದು. ಪಕ್ಕದಲ್ಲಿ ಸಂದು. ಅವನು ಹೆದರಿ ಮೇಸ್ತ್ರಿಯ ಮುಖ ನೋಡಿದ. ನಾನೂ ನೋಡಿದೆ.

ಸೆಲ್ವರಾಜ ಒಂದು ಕ್ಷಣ ಕಣ್ಣು ಪಿಳುಕಿಸಿದ. ಆಮೇಲೆ ನಿಧಾನವಾಗಿ ಎದ್ದು, ಪ್ಯಾಂಟು ಮೇಲಕ್ಕೆಳೆದುಕೊಂಡು, ನನ್ನ ಮತ್ತು ಆ ಬಡಗಿಯ ನಡುವೆ ಬಂದು ನಿಂತ.

"ಹೇಳಿದ್ದು ನಾನು ಸಾರ್. ಅವನದೇನಿಲ್ಲ" ಎಂದ. ಮೀಸೆಯ ಎರಡೂ ತುದಿ ಮುಟ್ಟಿ ನೋಡಿಕೊಂಡ. "ಆದ್ರೆ ನೋಡಿ, ನಾಲ್ಕು ಕಿಟಕೀಲೂ ಒಂದೇ ಸಮ ತಪ್ಪಿದೀನಿ!"

ಸಂಜೆಯೊಳಗೆ ಬೀಟೆಯ ಪಟ್ಟಿ ತರಿಸಿ ಹೊಡೆಸುತ್ತೇನೆಂದು ಹೇಳಿ ಹೋದ. ಪಟ್ಟಿ ಬಂದದ್ದು ಮೂರು ದಿನ ಬಿಟ್ಟು. ಅಲ್ಲಿಯವರೆಗೆ ಆ ಸಂದಿಯಲ್ಲಿ ಒಳಗೆ ಬಂದ ಸೊಳ್ಳೆಗಳೇ ಈ ಕತೆಗೆ ಸಾಕ್ಷಿ. ಅವುಗಳ ಕಡಿತಕ್ಕೆ ಊದಿದ ನನ್ನ ಮುಖ ನೋಡಿದ್ದರೆ ಸುಮಳ ಸೋದರಮಾವನೂ ಒಪ್ಪುತ್ತಿದ್ದ.